ಬಾನೆಟ್ ಆಮೇಲೆ, ಮೊದಲು ಗಾಡಿಯ ಅಡಿಗೆ ನುಗ್ಗಿ

ಮಳೆಗಾಲ ಮುಗಿಯುತ್ತಿದ್ದಂತೆ ಹಳೇ ಫೋರ್‌ವೀಲ್ ಗಾಡಿಗಳು, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಕೊಡಬಲ್ಲವು, ಮಾರಾಟಕ್ಕೆ ಬರುತ್ತವೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಇದೇ: ಕೊಳ್ಳುವ ಮುಂಚೆ ಗಾಡಿಯನ್ನು ನಂಬಬಹುದೋ ಇಲ್ಲವೋ ತಿಳಿಯುವುದು ಹೇಗೆ?

ಪ್ರಶ್ನೆ: 2016ರ ಮಹೀಂದ್ರ ಥಾರ್ ಸಿಆರ್‌ಡಿಇ (ಡೀಸೆಲ್) ನೋಡಿದ್ದೇನೆ. ಮೀಟರಿನಲ್ಲಿ 62,000 ಕಿ.ಮೀ. ಇದೆ. ಬಣ್ಣ ಚೆನ್ನಾಗಿದೆ, ಎಂಜಿನ್ ಸದ್ದೂ ಸರಿಯಿದೆ. ತೋಟದ ಓಡಾಟಕ್ಕೆ ಬೇಕು. ಏನೇನು ಪರೀಕ್ಷಿಸಬೇಕು?
— ಮೂಡಿಗೆರೆ

ಉತ್ತರ: ಮೊದಲು ಆ 62,000ವನ್ನು ಪಕ್ಕಕ್ಕಿಡಿ. ಹೆದ್ದಾರಿಯಲ್ಲಿ ಗಂಟೆಗೆ 50 ಕಿ.ಮೀ. ಸರಾಸರಿಯಲ್ಲಿ ಓಡಿದ್ದರೆ ಅದು ಸುಮಾರು 1,240 ಗಂಟೆಯ ದುಡಿಮೆ. ತೋಟದ ದಾರಿಯಲ್ಲೋ ಮಾಂದಲಪಟ್ಟಿ, ಕೊಡಚಾದ್ರಿಯ ಬಾಡಿಗೆ ಓಡಾಟದಲ್ಲೋ ಗಂಟೆಗೆ 15ರಂತೆ ತೆವಳಿದ್ದರೆ 4,100 ಗಂಟೆ ದಾಟುತ್ತದೆ. ಮೀಟರು ಅದೇ, ಎಂಜಿನ್ನಿನ ವಯಸ್ಸು ಮೂರು ಪಟ್ಟು ಹೆಚ್ಚು. ಹಾಗಾಗಿ ಎಷ್ಟು ಓಡಿದೆ ಎನ್ನುವುದಕ್ಕಿಂತ ಎಲ್ಲಿ ಓಡಿದೆ ಎಂದು ಕೇಳಿ. ಮಾಲೀಕರು ಹೇಳದಿದ್ದರೂ ಗಾಡಿ ಹೇಳುತ್ತದೆ. ಹಿಂದಿನ ಸೀಟಿನವರು ಹಿಡಿದುಕೊಳ್ಳುವ ಕಂಬಿಯ ಬಣ್ಣ ಪೂರ್ತಿ ಸವೆದಿದೆಯೇ? ಕ್ಲಚ್ ಪೆಡಲಿನ ರಬ್ಬರು ನುಣ್ಣಗಾಗಿ, ಆಕ್ಸಿಲರೇಟರಿನದು ಮಾತ್ರ ಹೊಸದರಂತಿದೆಯೇ? ಹಾಗಿದ್ದರೆ ಅದು ಗುಡ್ಡಕ್ಕೆ ಪ್ರವಾಸಿಗರನ್ನು ಹೊತ್ತ ಗಾಡಿ.

ಬೆಳಿಗ್ಗೆ ಹೋಗಿ. ಎಂಜಿನ್ ಸ್ಟಾರ್ಟ್ ಮಾಡಿಡಬೇಡಿ ಎಂದು ಹಿಂದಿನ ದಿನವೇ ಹೇಳಿ. ನೀವು ಹೋದಾಗ ಬಾನೆಟ್ ಬೆಚ್ಚಗಿದ್ದರೆ ತಣ್ಣಗಿನ ಸ್ಟಾರ್ಟಿಂಗ್‌ನ ತೊಂದರೆಯನ್ನು ಯಾರೋ ಮುಚ್ಚಿಡುತ್ತಿದ್ದಾರೆ. ಜೊತೆಗೆ ಒಂದು ಟಾರ್ಚು, ಮಲಗಲು ಗೋಣಿಚೀಲ, ಚಿಕ್ಕ ಸುತ್ತಿಗೆ, ಅಳತೆ ಟೇಪು, ಒಬ್ಬ ಮೆಕ್ಯಾನಿಕ್ ಇರಲಿ. ಬಾನೆಟ್ ಎತ್ತುವ ಮೊದಲು ಅಡಿಗೆ ನುಗ್ಗಿ.

ಅಡಿಯಲ್ಲಿ ಮೊದಲ ಕೆಲಸ ಹಿಂದಿನ ಹೌಸಿಂಗಿನದು, ಅಂದರೆ ಹಿಂಚಕ್ರಗಳ ನಡುವೆ ಗೇರುಗಳನ್ನು ಹೊತ್ತ ಉಂಡೆಯಂಥ ಪೆಟ್ಟಿಗೆಯದು. ಅದರ ಎಣ್ಣೆ ತುಂಬುವ ಬೋಲ್ಟನ್ನು ಬಿಚ್ಚಿಸಿ, ಕಿರುಬೆರಳು ಒಳಗಿಟ್ಟು ನೋಡಿ. ಎಣ್ಣೆ ರಂಧ್ರದ ಅಂಚಿನ ಮಟ್ಟಕ್ಕೆ ತಾಗಬೇಕು. ಬಣ್ಣ ಬೆಲ್ಲದ ಕಾಫಿಯಂತಿದ್ದರೆ ಸರಿ. ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಹೊಕ್ಕಿದೆ. ಅದು ಹೊಗುವ ಬಗೆ ಹೀಗೆ: ಓಡಿ ಬಿಸಿಯಾದ ಹೌಸಿಂಗು ಹಳ್ಳದ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಜಾಗಕ್ಕೆ ಹೊರಗಿನ ಗಾಳಿ ಬರಲೆಂದೇ ಮೇಲೆ ಬ್ರೀದರ್ ಎಂಬ ಪುಟ್ಟ ಕೊಳವೆ ಇರುತ್ತದೆ. ಅದಕ್ಕೆ ಕೆಸರು ಕಚ್ಚಿದ್ದರೆ, ಇಲ್ಲವೇ ಅದರ ತುದಿಯೇ ನೀರಿನೊಳಗಿದ್ದರೆ, ಗಾಳಿಯ ಬದಲು ನೀರು ಸೀಲುಗಳ ಮೂಲಕವೋ ಕೊಳವೆಯ ಮೂಲಕವೋ ಒಳಗೆ ಹೋಗುತ್ತದೆ. ನೀರು ಬೆರೆತ ಎಣ್ಣೆಯಲ್ಲಿ ಒಳಗಿನ ಕ್ರೌನ್-ಪಿನಿಯನ್ ಗೇರುಗಳ ಹಲ್ಲುಗಳೂ ಬೇರಿಂಗುಗಳೂ ತುಕ್ಕುಹಿಡಿದು ತಿಂದುಹೋಗುತ್ತವೆ. 40-50ರ ವೇಗದಲ್ಲಿ ‘ವೂಂ’ ಎಂಬ ಕೂಗು ಕೇಳುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಕೆಳಗಿನ ಡ್ರೇನ್ ಬೋಲ್ಟಿನ ತುದಿಯಲ್ಲಿ ಅಯಸ್ಕಾಂತವಿದ್ದರೆ ಅದನ್ನೂ ನೋಡಿ. ಬೂದಿ ಬಣ್ಣದ ನುಣ್ಣನೆ ಪೇಸ್ಟು ಸಹಜ ಸವೆತ. ಚೂರು, ಚಕ್ಕೆ, ಸೂಜಿಯಂಥ ತುಣುಕು ಸಿಕ್ಕರೆ ಹಲ್ಲು ಮುರಿಯಲು ಶುರುವಾಗಿದೆ. ಎಣ್ಣೆ ಹೊಚ್ಚಹೊಸದಾಗಿದ್ದರೆ ಖುಷಿಪಡಬೇಡಿ, ಯಾಕೆ ಈಗ ಬದಲಿಸಿದಿರಿ ಎಂದು ಕೇಳಿ. 20 ಕಿ.ಮೀ. ಓಡಿಸಿ ಮತ್ತೆ ಬೋಲ್ಟು ಬಿಚ್ಚಿಸಿ. ಮುಂದಿನ ಹೌಸಿಂಗ್, ಮುಂದಿನ-ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಗೇರ್‌ಬಾಕ್ಸ್‌ಗಳಿಗೂ ಇದೇ ಪರೀಕ್ಷೆ. ಮಾರುವವರು ಬೋಲ್ಟು ಬಿಚ್ಚಲು ಬಿಡದಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.

ಎರಡನೆಯದು ಚಾಸಿ. ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು ‘ಟಣ್’ ಎನ್ನುತ್ತದೆ, ತುಕ್ಕು ತಿಂದಲ್ಲಿ, ಒಳಗೆ ಕೆಸರು ಕಟ್ಟಿಕೊಂಡಲ್ಲಿ ‘ದಬ್’ ಎನ್ನುತ್ತದೆ. ಹಿಂದಿನ ಲೀಫ್ ಸ್ಪ್ರಿಂಗಿನ ಹ್ಯಾಂಗರ್‌ಗಳು, ಅಡ್ಡಪಟ್ಟಿಗಳ ಸಂದು, ಸ್ಟೀರಿಂಗ್ ಬಿಗಿದ ಜಾಗ, ಈ ಮೂರೂ ಕಡೆ ಕೂದಲೆಳೆಯ ಬಿರುಕನ್ನೂ ಆಮೇಲೆ ಹಾಕಿದ ವೆಲ್ಡಿಂಗನ್ನೂ ಹುಡುಕಿ. ಅಡಿಗೆಲ್ಲ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಅನುಮಾನ ಪಡಿ. ಚಾಸಿ ಸೊಟ್ಟಗಾಗಿದೆಯೇ ಎಂದು ತಿಳಿಯಲು ಟೇಪು ಸಾಕು. ಮುಂದಿನ ಎಡಗಡೆಯ ಒಂದು ಬೋಲ್ಟಿನಿಂದ ಹಿಂದಿನ ಬಲಗಡೆಯ ಹ್ಯಾಂಗರ್ ಬೋಲ್ಟಿಗೆ ಅಳೆಯಿರಿ, ಆಮೇಲೆ ಅದೇ ಬೋಲ್ಟುಗಳ ಜೋಡಿಯನ್ನು ಎದುರು ಬದಿಯಿಂದ ಅಳೆಯಿರಿ. ಎರಡರ ನಡುವೆ ಅರ್ಧ ಇಂಚಿಗಿಂತ ಹೆಚ್ಚು ಅಂತರವಿದ್ದರೆ ಗಾಡಿ ಎಲ್ಲೋ ಉರುಳಿದೆ ಅಥವಾ ಗುದ್ದಿಸಿಕೊಂಡಿದೆ.

ಲೀಫ್ ಪ್ಲೇಟುಗಳಲ್ಲಿ ಮುರಿದದ್ದು ಇದೆಯೇ ನೋಡುವಾಗ ಮಧ್ಯದ ಬೋಲ್ಟಿನ ಬಳಿ ಟಾರ್ಚು ಬಿಡಿ, ಹೆಚ್ಚಾಗಿ ಮುರಿಯುವುದು ಅಲ್ಲೇ. ಈ ಥಾರಿನ ಮುಂದಿನ ಸಸ್ಪೆನ್ಷನ್ ಟಾರ್ಷನ್ ಬಾರಿನದು, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಕಂಬಿಯದು. ಚಕ್ರಕ್ಕೆ ಹೋಗುವ ಆಕ್ಸಲಿನ ರಬ್ಬರ್ ಬೂಟು ಹರಿದಿದ್ದರೆ ಒಳಗಿನ ಗ್ರೀಸಿಗೆ ಮರಳು ಸೇರಿ ಸಿವಿ ಜಾಯಿಂಟ್ (ತಿರುಗಿದ ಚಕ್ರಕ್ಕೂ ಶಕ್ತಿ ಒಯ್ಯುವ ಕೀಲು) ಬೇಗ ಹೋಗುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಫೋರ್‌ವೀಲ್‌ನಲ್ಲಿ ನಿಧಾನ ಸಾಗಿದಾಗ ‘ಕಟಕಟ’ ಎಂದರೆ ಅದೇ.

ಚಕ್ರದ ಆಟ ನೋಡುವ ಕ್ರಮ ಒಂದಿದೆ. ಮುಂದಿನ ಚಕ್ರ ಜಾಕಿನ ಮೇಲೆತ್ತಿ. ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ಬಾಲ್ ಜಾಯಿಂಟು ಅಥವಾ ಬೇರಿಂಗು. ಯಾವುದೆಂದು ತಿಳಿಯಲು ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗ ಆಟ ನಿಂತರೆ ಬೇರಿಂಗು, ನಿಲ್ಲದಿದ್ದರೆ ಬಾಲ್ ಜಾಯಿಂಟು. 3 ಮತ್ತು 9ರಲ್ಲಿ ಅಲ್ಲಾಡಿದರೆ ಟೈ ರಾಡ್ ತುದಿ. ಬೇರಿಂಗು ಚಿಕ್ಕ ಖರ್ಚು, ಅದಕ್ಕಾಗಿ ಗಾಡಿ ಬಿಡಬೇಡಿ.

ಈಗ ಬಾನೆಟ್ ಎತ್ತಿ. ಸ್ಟಾರ್ಟ್ ಮಾಡಿ, ಐಡ್ಲಿಂಗ್‌ನಲ್ಲಿ ಎಣ್ಣೆಯ ಮುಚ್ಚಳ ಸಡಿಲಿಸಿ ಹಾಗೇ ತೂತಿನ ಮೇಲೆ ಇಡಿ. ಮೆಲ್ಲಗೆ ಅದುರಿದರೆ ಚಿಂತೆಯಿಲ್ಲ. ಕುಣಿದು ಬೀಳುವಂತಿದ್ದರೆ, ಜೊತೆಗೆ ಹೊಗೆ ಉಗುಳಿದರೆ, ಪಿಸ್ಟನ್ ರಿಂಗು, ಸಿಲಿಂಡರ್ ಬೋರ್ ಸವೆದಿವೆ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದೆ, ಕೂಲಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್. ಇಂಟರ್‌ಕೂಲರಿನ ಪೈಪು ಬಿಚ್ಚಿಸಿ ಒಳಗೆ ಬೆರಳಾಡಿಸಿ. ತೆಳುವಾದ ಎಣ್ಣೆಪಸೆ ಸಾಮಾನ್ಯ, ಎಣ್ಣೆ ನಿಂತಿದ್ದರೆ ಟರ್ಬೊ ಸೀಲ್ ಹೋಗಿದೆ. ಸ್ಕ್ಯಾನರ್ ಹಾಕಿಸಿದಾಗ ದೋಷ ತೋರಿಸುವ ಒಂದೂ ಕೋಡ್ ಬರಲಿಲ್ಲವೆಂದು ಸಮಾಧಾನಪಡಬೇಡಿ. ಕೋಡು ಅಳಿಸಿದ ನಂತರ ಎಷ್ಟು ಕಿ.ಮೀ. ಓಡಿದೆ ಎಂದೂ ಬಹುತೇಕ ಸ್ಕ್ಯಾನರುಗಳು ತೋರಿಸುತ್ತವೆ. ಅಲ್ಲಿ 8 ಅಥವಾ 10 ಕಿ.ಮೀ. ಎಂದಿದ್ದರೆ ನಿಮಗಾಗಿಯೇ ಅಳಿಸಿದ್ದಾರೆ.

ಓಡಿಸುವಾಗ: ನಾಲ್ಕನೇ ಗೇರಿನಲ್ಲಿ 40ರ ವೇಗದಿಂದ ಏರಿನಲ್ಲಿ ಪೂರ್ತಿ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಆಮೇಲೆ ಮಣ್ಣಿನ ದಾರಿಗೆ ಹೋಗಿ. ಗಾಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಕ್ಲಚ್ ಒತ್ತಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಎಳೆತದ ಗೇರು) ಹಾಕಿ. ಒಬ್ಬರು ಹೊರಗೆ ನಿಂತು ಸಡಿಲ ಮಣ್ಣಿನ ಏರಿನಲ್ಲಿ ಮುಂದಿನ ಚಕ್ರ ನಿಜವಾಗಿ ನೆಲ ಕೆರೆಯುತ್ತದೆಯೇ ನೋಡಲಿ. ದೀಪ ಹೊತ್ತಿಕೊಂಡ ಮಾತ್ರಕ್ಕೆ ಚಕ್ರಕ್ಕೆ ಶಕ್ತಿ ಹೋಗುತ್ತಿದೆ ಎಂದಲ್ಲ. ಅದೇ ಏರನ್ನು ಲೋ ಮೊದಲನೇ ಗೇರಿನಲ್ಲಿ ಕಾಲು ತೆಗೆದು ಇಳಿಯಿರಿ. ಲಿವರು ತಾನಾಗಿ ಹೊರಗೆ ಹಾರಿದರೆ ಒಳಗಿನ ಹಲ್ಲು ದುಂಡಾಗಿದೆ, ಅಂಥ ಗಾಡಿಯಲ್ಲಿ ಇಳಿಜಾರಿಗೆ ಹೋಗುವುದು ಅಪಾಯ.

2015ರ ಪರಿಷ್ಕರಣೆಯ ನಂತರದ ಸಿಆರ್‌ಡಿಇಗೆ ಹಿಂಬದಿಯಲ್ಲಿ ತಾನಾಗಿ ಲಾಕ್ ಆಗುವ ಡಿಫರೆನ್ಷಿಯಲ್ (ಎರಡೂ ಹಿಂಚಕ್ರಗಳಿಗೆ ಶಕ್ತಿ ಹಂಚುವ ಗೇರು) ಬಂದಿದೆ. ಒಂದು ಹಿಂಚಕ್ರವನ್ನು ತಗ್ಗಿನ ಸಡಿಲ ಮಣ್ಣಿಗಿಳಿಸಿ ಮೆಲ್ಲಗೆ ಒತ್ತಿ. ಅದು ಸ್ವಲ್ಪ ಸುತ್ತಿ ‘ಟಕ್’ ಎಂದು ಹಿಡಿಯಬೇಕು. ಸುತ್ತುತ್ತಲೇ ಇದ್ದರೆ ಲಾಕ್ ಸತ್ತಿದೆ.

ಕೊನೆಗೆ ಡಾಂಬರು ರಸ್ತೆಗೆ ಬಂದು ಟೂವೀಲ್‌ಗೆ ಬದಲಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಂದು ಸುತ್ತು ಹೊಡೆಯಿರಿ. ಗಾಡಿ ಮುಗ್ಗರಿಸಿದಂತೆ ಎಳೆದರೆ ಫೋರ್‌ವೀಲ್ ಬಿಟ್ಟಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕಬೇಕು. ಈ ಬಗೆಯ ಟ್ರಾನ್ಸ್‌ಫರ್ ಕೇಸು ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕುತ್ತದೆ. ಮಣ್ಣಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ, ಡಾಂಬರಿನಲ್ಲಿ ಜಾರುವುದಿಲ್ಲವಾದ್ದರಿಂದ ಶಾಫ್ಟುಗಳು ಹುರಿಗೊಂಡು ಜಾಯಿಂಟ್ ಕ್ರಾಸು, ಚೈನು ತಿನ್ನುತ್ತವೆ. ಹಿಂದಿನ ಎರಡು ಟಯರು ಹೊಸದು, ಮುಂದಿನವು ಬೋಳು ಎಂದಿದ್ದರೂ ಇದೇ ಕತೆ.

ಪ್ರಶ್ನೆ: ಮನೆಯಿಂದ ಪೇಟೆಗೆ 6 ಕಿ.ಮೀ. ಉಳಿದದ್ದೆಲ್ಲ ತೋಟದೊಳಗೇ ಓಡಾಟ. ಬಿಎಸ್6 ಡೀಸೆಲ್ ಒಳ್ಳೆಯದೋ ಪೆಟ್ರೋಲೋ? ಡಿಪಿಎಫ್ ತೊಂದರೆ ಎಂದು ಹೆದರಿಸುತ್ತಾರೆ.
— ಸೋಮವಾರಪೇಟೆ

ಉತ್ತರ: ಹೆದರಿಸುವವರು ಈ ವಿಷಯದಲ್ಲಿ ಸುಳ್ಳು ಹೇಳುತ್ತಿಲ್ಲ. ಬಿಎಸ್6 ಎಂಬ ಮಾಲಿನ್ಯ ನಿಯಮ ಬಂದ 2020ರ ಏಪ್ರಿಲ್ ನಂತರದ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಜರಡಿ ಇದೆ, ಅದೇ ಡಿಪಿಎಫ್. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟು ಖಾಲಿ ಮಾಡಬೇಕು. ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು. ಅದಕ್ಕಾಗಿ ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. 60ಕ್ಕಿಂತ ಮೇಲಿನ ವೇಗದಲ್ಲಿ 15-20 ನಿಮಿಷ ನಿಲ್ಲಿಸದೆ ಓಡಿದರೆ ಕೆಲಸ ಮುಗಿಯುತ್ತದೆ. ನಿಮ್ಮ 6 ಕಿ.ಮೀ.ನಲ್ಲಿ ಅದು ಶುರುವಾಗುವಷ್ಟರಲ್ಲಿ ನೀವು ಕೀ ತಿರುಗಿಸಿ ಇಳಿದಿರುತ್ತೀರಿ.

ಪದೇಪದೇ ಹೀಗೆ ಅರ್ಧಕ್ಕೆ ನಿಂತರೆ ಎರಡು ಅನಾಹುತ. ಜರಡಿ ಕಟ್ಟಿ ಎಂಜಿನ್ ಶಕ್ತಿ ತಗ್ಗಿಸಿಕೊಳ್ಳುತ್ತದೆ. ಸುಡದ ಡೀಸೆಲ್ ಸಿಲಿಂಡರಿನ ಗೋಡೆಯಿಂದಿಳಿದು ಎಂಜಿನ್ ಎಣ್ಣೆಗೆ ಸೇರುತ್ತದೆ. ಬಳಸಿದ ಬಿಎಸ್6 ಡೀಸೆಲ್ ಕೊಳ್ಳುವವರು ಡಿಪ್‌ಸ್ಟಿಕ್ ತೆಗೆದು ನೋಡಬೇಕಾದ್ದು ಇದನ್ನೇ. ಎಣ್ಣೆ ಕಡಿಮೆಯಾಗುವುದು ಎಲ್ಲರಿಗೂ ಗೊತ್ತು, ಇಲ್ಲಿ ಗುರುತಿನ ಮೇಲಕ್ಕೆ ಏರಿರುತ್ತದೆ, ಬೆರಳಿಗೆ ತೆಳ್ಳಗೆ ಹತ್ತುತ್ತದೆ, ಡೀಸೆಲ್ ವಾಸನೆ ಬರುತ್ತದೆ. ಅಂಥ ಎಣ್ಣೆಯಲ್ಲಿ ಓಡಿದ ಬೇರಿಂಗು, ಟರ್ಬೊಗಳ ಆಯಸ್ಸು ಎಷ್ಟು ಉಳಿದಿದೆಯೋ ಹೇಳಲಾಗದು. ಸ್ಕ್ಯಾನರಿನಲ್ಲಿ ಮಸಿಯ ಪ್ರಮಾಣವನ್ನೂ ಕಳೆದ ಶುದ್ಧೀಕರಣದಿಂದ ಎಷ್ಟು ದೂರ ಓಡಿದೆ ಎಂಬುದನ್ನೂ ಕೇಳಿ.

ನಿಮ್ಮ ಬಳಕೆಗೆ ಪೆಟ್ರೋಲೇ ಸರಿ, ಇಂಧನದ ಖರ್ಚು ಹೆಚ್ಚಾದರೂ. ಡೀಸೆಲ್ಲೇ ಬೇಕೆಂದರೆ ವಾರಕ್ಕೊಮ್ಮೆ ಕುಶಾಲನಗರದ ಕಡೆಗೋ ಹಾಸನದ ಕಡೆಗೋ ಅರ್ಧ ಗಂಟೆ ಎಳೆದು ಬನ್ನಿ, ಎಂಜಿನ್ ಎಣ್ಣೆ ಕಂಪನಿ ಹೇಳಿದ ಕಡಿಮೆ ಬೂದಿಯ ದರ್ಜೆಯದ್ದೇ ಆಗಿರಲಿ. ಡಿಪಿಎಫ್ ತೆಗೆಸಿ ಪೈಪು ಹಾಕಿಸಿಬಿಡಿ ಎನ್ನುವ ಗ್ಯಾರೇಜಿನವರ ಮಾತು ಕೇಳಬೇಡಿ. ಅದು ಕಾನೂನುಬಾಹಿರ, ವಾರಂಟಿಯೂ ಹೋಗುತ್ತದೆ. ಯಾರೋ ಈಗಾಗಲೇ ತೆಗೆಸಿದ ಗಾಡಿಯನ್ನಂತೂ ಕೊಳ್ಳಲೇಬೇಡಿ.

ಪ್ರಶ್ನೆ: ಹೊಸ ಮಾಡೆಲ್ ಬಂದ ಕೂಡಲೇ ಬುಕ್ ಮಾಡಬಹುದೇ?
— ಬೆಂಗಳೂರು

ಉತ್ತರ: ತಡೆಯಲಾಗುವುದಾದರೆ ಒಂದು ವರ್ಷ ತಡೆಯಿರಿ. ಎರಡನೇ ತಲೆಮಾರಿನ ಥಾರ್ 2020ರ ಅಕ್ಟೋಬರ್ 2ರಂದು ಮಾರುಕಟ್ಟೆಗೆ ಬಂತು. 2021ರ ಫೆಬ್ರುವರಿಯಲ್ಲೇ ಕ್ಯಾಮ್‌ಶಾಫ್ಟ್ ಪರೀಕ್ಷೆಗಾಗಿ 1,577 ಡೀಸೆಲ್ ಗಾಡಿಗಳನ್ನು ಕಂಪನಿ ಹಿಂದಕ್ಕೆ ಕರೆಸಿತು. ಹಾಗೆ ತಾನಾಗಿ ಕರೆಸಿ ಉಚಿತವಾಗಿ ಸರಿಪಡಿಸುವುದು ತಪ್ಪಲ್ಲ, ಮುಚ್ಚಿಡುವುದಕ್ಕಿಂತ ಎಷ್ಟೋ ಮೇಲು. ಆದರೆ ಮೊದಲ ತಂಡದ ಗಾಡಿ ಕೊಂಡವರೇ ಪರೀಕ್ಷೆಗೆ ಒಳಗಾಗುತ್ತಾರೆ ಎಂಬುದು ನೆನಪಿರಲಿ. ಹೊಸ ಹೆಸರಿನ ಗಾಡಿಯಲ್ಲಿ ಎಷ್ಟು ಭಾಗ ನಿಜವಾಗಿ ಹೊಸದು ಎಂದು ಕೇಳಿ ತಿಳಿಯಿರಿ. ಬೇರೆ ಮಾಡೆಲಿನಲ್ಲಿ ಐದಾರು ವರ್ಷ ಓಡಿದ ಎಂಜಿನ್, ಗೇರ್‌ಬಾಕ್ಸ್‌ಗಳಾದರೆ ಅಪಾಯ ಕಡಿಮೆ. ಬಳಸಿದ ಗಾಡಿ ಕೊಳ್ಳುವವರು ಚಾಸಿ ನಂಬರು ಕೊಟ್ಟು, ರಿಕಾಲ್ ಇತ್ತೇ, ಅದರ ಕೆಲಸ ಮುಗಿದಿದೆಯೇ ಎಂದು ಕಂಪನಿಯ ಯಾವುದೇ ಸರ್ವೀಸ್ ಸೆಂಟರಿನಲ್ಲಿ ವಿಚಾರಿಸಬಹುದು.

ಪ್ರಶ್ನೆ: ಮಿಲಿಟರಿ ಹರಾಜಿನಲ್ಲಿ ಬಂದ ಮಾರುತಿ ಜಿಪ್ಸಿ ಒಂದಿದೆ. ಸ್ಟೀರಿಂಗ್ 50-60ರಲ್ಲಿ ನಡುಗುತ್ತದೆ, ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದರೆ ಸಾಕು ಎನ್ನುತ್ತಾರೆ. ನಿಜವೇ?
— ಧಾರವಾಡ

ಉತ್ತರ: ಬ್ಯಾಲೆನ್ಸಿಂಗ್ ಮಾಡಿಸಿ ನೋಡಿ, ಹೋದರೆ ಒಳ್ಳೆಯದು. ಬಹಳ ಸಲ ಹೋಗುವುದಿಲ್ಲ. ಜಿಪ್ಸಿಯ ಮುಂದಿನ ಇಡೀ ಆಕ್ಸಲಿನ ತುದಿಗಳಲ್ಲಿ ಉಕ್ಕಿನ ದೊಡ್ಡ ಉಂಡೆಗಳಿವೆ. ಚಕ್ರ ಅದರ ಮೇಲೆ ಕಿಂಗ್‌ಪಿನ್ ಬೇರಿಂಗುಗಳ ಆಸರೆಯಲ್ಲಿ ತಿರುಗುತ್ತದೆ. ಬೇರಿಂಗು ಸವೆದು ಬಿಗಿ ಹೋದಾಗ ಒಂದು ಹೊಂಡ ಸಿಕ್ಕರೆ ಸಾಕು, ನಡುಕ ಶುರುವಾಗಿ ವೇಗ ತಗ್ಗಿಸುವ ತನಕ ನಿಲ್ಲುವುದಿಲ್ಲ. ಬೇರಿಂಗ್ ಬದಲಿಸಿ, ಶಿಮ್ (ತೆಳು ಲೋಹದ ಬಿಲ್ಲೆ) ಸೇರಿಸಿ ಅಥವಾ ತೆಗೆದು ಬಿಗಿ ಸರಿಮಾಡುವುದೇ ಇದಕ್ಕೆ ಪರಿಹಾರ. ಕೆಲವರು ಅದರ ಬದಲು ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ ನಡುಕವನ್ನು ಮರೆಮಾಡಿ ಮಾರುತ್ತಾರೆ. ಹೊಸ ಡ್ಯಾಂಪರ್ ಕಂಡರೆ ಚಕ್ರ ಎತ್ತಿಸಿ 12-6ರ ಪರೀಕ್ಷೆ ಮಾಡಿ. ಉಂಡೆಯ ಮೇಲೆ ದಪ್ಪ ಗ್ರೀಸಿನ ಬದಲು ತೆಳು ಎಣ್ಣೆ ಇಳಿಯುತ್ತಿದ್ದರೆ ಒಳಗಿನ ಆಕ್ಸಲ್ ಸೀಲೂ ಹೋಗಿದೆ ಎಂದರ್ಥ.

ಎಂಜಿನ್ ಬಗ್ಗೆ ಹೆದರಬೇಡಿ. 1.3 ಲೀಟರಿನ ಆ ಪೆಟ್ರೋಲ್ ಎಂಜಿನ್ನು ಸರಳ, ಬಿಚ್ಚಿ ಕಟ್ಟಬಲ್ಲ ಮೆಕ್ಯಾನಿಕ್‌ಗಳು ಎಲ್ಲೆಡೆ ಇದ್ದಾರೆ. ಹೆದರಬೇಕಾದದ್ದು ತುಕ್ಕಿಗೆ ಮತ್ತು ಕಾಗದಕ್ಕೆ. ಮುಂದಿನ ಗಾಜಿನ ಚೌಕಟ್ಟಿನ ಬುಡ, ಕಾಲಿಡುವ ನೆಲ, ಹಿಂದಿನ ಚಕ್ರದ ಮೇಲಿನ ಕಮಾನು, ಮ್ಯಾಟ್ ಎತ್ತಿ ಇವಿಷ್ಟನ್ನು ನೋಡಿ. ಕಾಗದದಲ್ಲಿ, ಹರಾಜಿನ ಮೂಲ ದಾಖಲೆ ಇಲ್ಲದ, ಇನ್ನೂ ನಾಗರಿಕ ನೋಂದಣಿಯಾಗದ ಗಾಡಿಗೆ ಮುಂಗಡವನ್ನೂ ಕೊಡಬೇಡಿ. ಬೇರೆ ರಾಜ್ಯದಲ್ಲಿ ನೋಂದಣಿಯಾಗಿದ್ದರೆ ಅಲ್ಲಿಂದ ಫಾರಂ 28ರ ಎನ್‌ಒಸಿ, ಆಮೇಲೆ ವರ್ಗಾವಣೆಗೆ 29 ಮತ್ತು 30, ಸಾಲ ತೀರಿದ್ದರೆ 35 ಬೇಕು. ಇಲ್ಲಿನ ತೆರಿಗೆಯ ಲೆಕ್ಕವನ್ನು ಆರ್‌ಟಿಒದಲ್ಲಿ ಮೊದಲೇ ಕೇಳಿ. 15 ವರ್ಷ ದಾಟಿದ್ದರೆ ಆರ್‌ಸಿ ನವೀಕರಣ ಐದೈದು ವರ್ಷಕ್ಕೊಮ್ಮೆ ಎಂಬುದೂ ಲೆಕ್ಕದಲ್ಲಿರಲಿ.

ಪ್ರಶ್ನೆ: ನೆರೆನೀರಿನಲ್ಲಿ ಮುಳುಗಿದ ಗಾಡಿಯನ್ನು ತೊಳೆದು ಮಾರುತ್ತಾರಂತೆ. ಪತ್ತೆ ಹೇಗೆ?
— ಉಡುಪಿ

ಉತ್ತರ: ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ತೊಳೆಯುವವರು ಮೊದಲ ಎರಡು ಅಡಿ ಮಾತ್ರ ತೊಳೆದಿರುತ್ತಾರೆ, ಕೊನೆಯ ಅಡಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನಡಿಯ ಬೋಲ್ಟುಗಳಲ್ಲಿ ತುಕ್ಕು, ಕಾರ್ಪೆಟ್ಟಿನಡಿಯ ಸ್ಪಂಜಿನಲ್ಲಿ ಮಣ್ಣಿನ ವಾಸನೆ, ಹೆಡ್‌ಲೈಟಿನೊಳಗೆ ನೀರಿನ ಗುರುತು ಹುಡುಕಿ. ಡ್ಯಾಶಿನಡಿಯ ಒಂದೆರಡು ವೈರಿಂಗ್ ಕನೆಕ್ಟರ್ ಬಿಚ್ಚಿಸಿ. ಒಳಗೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ಗಾಡಿ ಬೇಡ. ಚಾಲೂ ವಿಮೆಯ ಪಾಲಿಸಿಯಲ್ಲಿ ನೋ ಕ್ಲೈಮ್ ಬೋನಸ್ ನೋಡಿ. ಒಬ್ಬರದೇ ಕೈಯಲ್ಲಿ ಆರು ವರ್ಷವಿದ್ದು, ವಿಮೆ ಒಮ್ಮೆಯೂ ತಪ್ಪದ ಗಾಡಿಗೆ 50 ಶೇಕಡಾ ಇರಬೇಕಾದಲ್ಲಿ ಸೊನ್ನೆ ಎಂದಿದ್ದರೆ ಕಳೆದ ವರ್ಷ ಏನೋ ಕ್ಲೈಮ್ ಆಗಿದೆ. ಏನೆಂದು ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಲಿಫ್ಟ್ ಕಿಟ್, ದೊಡ್ಡ ಟಯರು ಹಾಕಿಸಿದ ಗಾಡಿ ಸಿದ್ಧವಾಗಿಯೇ ಸಿಗುತ್ತಿದೆ. ಲಾಭವಲ್ಲವೇ?
— ಶಿರಸಿ

ಉತ್ತರ: ನಮ್ಮ ಅಭಿಪ್ರಾಯದಲ್ಲಿ ಅಲ್ಲ. ಟಯರಿನ ವ್ಯಾಸ 10 ಶೇಕಡಾ ಹೆಚ್ಚಿದರೆ ಮೀಟರು ಅಷ್ಟೇ ಕಡಿಮೆ ಎಣಿಸುತ್ತದೆ. 50,000 ಎಂದು ಕಂಡದ್ದು ನಿಜದಲ್ಲಿ 55,000. ಕ್ಲಚ್ಚಿಗೆ, ಬ್ರೇಕಿಗೆ, ಕ್ರೌನಿಗೆ ಹೊರೆ ಹೆಚ್ಚು. ಗಾಡಿ ಎತ್ತರಿಸಿದಾಗ ಶಾಫ್ಟುಗಳು ಓರೆಯಾಗಿ ಜಾಯಿಂಟುಗಳು ಬೇಗ ಸವೆಯುತ್ತವೆ. ಕಂಪನಿಯ ಮೂಲ ವಿನ್ಯಾಸ ಬದಲಿಸಿದ ಗಾಡಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ ತೊಡಕಿಗೆ ಸಿಲುಕುತ್ತದೆ, ವಿಮೆಯವರೂ ತಕರಾರು ತೆಗೆಯಬಹುದು. ಕೊಳ್ಳಲೇಬೇಕೆಂದರೆ ಮೂಲ ಟಯರು, ಸ್ಪ್ರಿಂಗುಗಳನ್ನು ಜೊತೆಗೇ ಕೇಳಿ ಪಡೆಯಿರಿ. ಟಯರಿನ ಪಕ್ಕದ ಡಾಟ್ ಗುರುತಿನ ಕೊನೆಯ ನಾಲ್ಕಂಕಿ ನೋಡಿ: 2319 ಎಂದರೆ 2019ರ 23ನೇ ವಾರದ್ದು. ಹಲ್ಲು ಎಷ್ಟೇ ಚೆನ್ನಾಗಿದ್ದರೂ ಅಷ್ಟು ಹಳೆಯ ರಬ್ಬರಿಗೆ ಬೆಲೆ ಕಟ್ಟಬೇಡಿ.

ಪ್ರಶ್ನೆ: ಮಾರುತಿ ಜಿಮ್ನಿಯೋ ಥಾರೋ? ಕಡಿಮೆ ಕೈಕೊಡುವುದು ಯಾವುದು?
— ತೀರ್ಥಹಳ್ಳಿ

ಉತ್ತರ: ಕೆಡಬಹುದಾದ ವಸ್ತುಗಳನ್ನು ಎಣಿಸಿದರೆ ಜಿಮ್ನಿಯಲ್ಲಿ ಕಡಿಮೆ. ಟರ್ಬೊ ಇಲ್ಲ, ಡಿಪಿಎಫ್ ಇಲ್ಲ. 1.5 ಲೀಟರಿನ ಅದೇ ಪೆಟ್ರೋಲ್ ಎಂಜಿನ್ನು ಸಿಯಾಜ್, ಎರ್ಟಿಗಾಗಳಲ್ಲಿ ವರ್ಷಗಟ್ಟಲೆ ಓಡಿದ್ದರಿಂದ ಅದರ ಸಾಮಾನು ಊರೂರಲ್ಲಿ ಸಿಗುತ್ತದೆ. ಆದರೆ ಅದರ ಆಕ್ಸಲ್, ಟ್ರಾನ್ಸ್‌ಫರ್ ಕೇಸುಗಳು ಅದಕ್ಕಷ್ಟೇ ಸೇರಿದವು. ಅವುಗಳ ಸಾಮಾನು ಎಷ್ಟು ದಿನಕ್ಕೆ ಬರುತ್ತದೆ ಎಂದು ಶಿವಮೊಗ್ಗದ ಸರ್ವೀಸ್ ಸೆಂಟರಿನಲ್ಲಿ ಒಂದು ಭಾಗದ ಹೆಸರು ಹೇಳಿಯೇ ಕೇಳಿ. ಐದು ಚೀಲ ಗೊಬ್ಬರ ಹೊತ್ತು ಟ್ರೇಲರ್ ಎಳೆಯುವ ಕೆಲಸವಿದ್ದರೆ ಥಾರ್ ಡೀಸೆಲ್ಲಿನ ಎಳೆತ ಅದಕ್ಕಿಲ್ಲ. ಗಾಡಿಗೆ ಮೀರಿದ ಕೆಲಸ ಹಾಕಿದಾಗ ಯಾವುದಾದರೂ ಕೈಕೊಡುತ್ತದೆ.